ಆಯುಧವೂ ದೇಶಧರ್ಮವೂ

ಮೂವತ್ತೈದು ವರ್ಷಕಾಲ ಹುಡುಗರಿಗೆ ವಿಭಕ್ತಿಗಳನ್ನೂ ಸಮಾಸಗಳನ್ನೂ ಪಾಠಹೇಳಿ ವಿಶ್ರಾಂತನಾದ ನನ್ನಂತಹ ಉಪಾಧ್ಯಾಯನು ಪಿಸ್ತೂಲಿನ ವಿಷಯವಾಗಿ ಬರೆಯಹೊರಟರೆ ವಾಚಕ ಮಹಾಶಯರಿಗೆ ನಗೆ ಬಂದೀತು. ಬಂದರೆ ತಪ್ಪಲ್ಲ. ಬೆತ್ತಕ್ಕಿಂತ ಮಿಗಿಲಾದ ಆಯುಧವನ್ನು ಈ ಕೈ ಹಿಡಿದುದಿಲ್ಲ. ಆ ಬೆತ್ತವನ್ನೂ ನನ್ನ ಕೊನೆಯ ವರ್ಷಗಳಲ್ಲಿ ಸರ್ಕಾರದವರು ಬಿಡಿಸಿದರು. ಆದರೂ ಈ ಬರೆಹಕ್ಕೆ ಒಂದು ಕಾರಣವುಂಟು. ನಮ್ಮ ಮಕ್ಕಳು ಇಂದು ಎಲ್ಲೆಲ್ಲಿಯೋ ಸಂಸಾರ ಹೂಡಿರುವರು. ಅಲ್ಲಿಂದ ಮತ್ತೆಲ್ಲಿಗೋ ಗಂಟುಮೂಟೆ ಕಟ್ಟುವರು. ಒಂದೆಡೆ ನಿರ್ದೋಷವಾದ ವಸ್ತು ಇನ್ನೊಂದೆಡೆ ಸೆರೆಮನೆಯ ಬಾಗಿಲನ್ನು ತೆರೆಯುವುದೆಂಬ ಸಂಗತಿಯನ್ನು ನಾನು ಕಣ್ಣಾರೆ ಕಂಡು ತಿಳಿದುಕೊಂಡೆನು. ತಿಳಿದುದನ್ನು ನಾಲ್ಕು ಮನೆಗಳಿಗೆ ಹೇಳುವುದು ಉಪಾಧ್ಯಾಯನ ಹಳೆಯ ಚಾಳಿ.

2023ರ ಬೇಸಗೆಯಲ್ಲಿ ನಾವು ದಂಪತಿಗಳು ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನೆಲಸಿರುವ ಮಗಳ ಮನೆಗೆ ಹೋಗಿದ್ದೆವು. ಅಲ್ಲಿಯ ಸ್ಟೇಟುಗಳನ್ನು ನಮ್ಮ ಹಿರಿಯರು ಸಂಸ್ಥಾನಗಳೆಂದು ಕರೆದರು. ನಾನೂ ಹಾಗೆಯೇ ಕರೆಯುವೆನು. ಮಗಳ ಮನೆ ಟೆಕ್ಸಾಸ್ ಸಂಸ್ಥಾನದ ಡಲ್ಲಾಸ್ ನಗರದ ಹೊರವಲಯದಲ್ಲಿದ್ದಿತು. ನಾವು ಹೋದ ಎರಡನೆಯ ತಿಂಗಳಿನಲ್ಲಿ ಅಳಿಯಂದಿರಿಗೆ ನ್ಯೂಜೆರ್ಸಿ ಸಂಸ್ಥಾನದಲ್ಲಿ ಮೇಲಾದ ಉದ್ಯೋಗ ದೊರೆತು, ಮನೆಯಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ಮೊದಲಾಯಿತು. ಒಂದು ಸಂಜೆ ನನ್ನ ಮನೆಯಾಕೆ ಮಲಗುವ ಕೋಣೆಯ ಅಲಮಾರಿನ ಮೇಲಂಕಣದಿಂದ ಬೀಗಹಾಕಿದ ಚಿಕ್ಕದೊಂದು ಕಬ್ಬಿಣದ ಪೆಟ್ಟಿಗೆಯನ್ನು ಇಳಿಸಿ, “ಇದೇನಮ್ಮ, ಒಡವೆಯೆ? ಇಷ್ಟು ಭಾರವಾಗಿದೆಯಲ್ಲ!” ಎಂದಳು. ಮಗಳು ತಲೆಯೆತ್ತದೆ, “ಒಡವೆಯಲ್ಲಮ್ಮ, ಅವರ ಪಿಸ್ತೂಲು” ಎಂದಳು. ನನ್ನಾಕೆ ಆ ಪೆಟ್ಟಿಗೆಯನ್ನು ಕಾದ ಬಾಣಲೆಯಂತೆ ಕೆಳಗಿಟ್ಟು, ಪಕ್ಕದಲ್ಲಿ ಆಡುತ್ತಿದ್ದ ಆರು ವರ್ಷದ ಮೊಮ್ಮಗನನ್ನು ಎತ್ತಿಕೊಂಡು ಅಡಿಗೆಮನೆಗೆ ಹೊರಟುಹೋದಳು. ಆ ರಾತ್ರಿ ಅವಳು ಸರಿಯಾಗಿ ಊಟಮಾಡಲಿಲ್ಲ.

ಅಳಿಯಂದಿರು ಸಾಧುಸ್ವಭಾವದವರು. ಎರಡು ವರ್ಷದ ಹಿಂದೆ ನೆರೆಯ ಮನೆಯೊಂದಕ್ಕೆ ಕಳ್ಳರು ನುಗ್ಗಿದುದರಿಂದ ಹೆದರಿ ಆ ಪಿಸ್ತೂಲನ್ನು ಕೊಂಡಿದ್ದರಂತೆ. ಅಂಗಡಿಯವನು ಕೇಂದ್ರ ಸರ್ಕಾರದ ದಾಖಲೆಯಲ್ಲಿ ಇವರ ಹೆಸರಿನ ಮೇಲೆ ಅಪರಾಧವೇನಾದರೂ ಉಂಟೇ ಎಂದು ವಿಚಾರಿಸಿ, ಇಲ್ಲವೆಂದು ತಿಳಿದೊಡನೆ ಅದೇ ದಿನ ಕೊಟ್ಟುಬಿಟ್ಟನು. ಟೆಕ್ಸಾಸಿನಲ್ಲಿ ಸಂಸ್ಥಾನದ ಪುಸ್ತಕದಲ್ಲಿ ಅದನ್ನು ದಾಖಲು ಮಾಡಿಸುವ ಕ್ರಮವಿಲ್ಲ. “ನ್ಯಾಯವಾಗಿ ಕೊಂಡುದು, ಮಾವನವರೇ. ರಸೀತಿಯೂ ಇದೆ. ಪಾತ್ರೆಗಳೊಂದಿಗೆ ಇದನ್ನೂ ಕಟ್ಟಿದರಾಯಿತು” ಎಂದರು. ನನಗೆ ಆ ದೇಶದ ಕಾನೂನು ತಿಳಿಯದು. ಆದರೆ ಪ್ರಶ್ನೆ ಕೇಳುವುದು ಅಭ್ಯಾಸವಾಗಿದೆ. “ಇಲ್ಲಿ ನ್ಯಾಯವಾದುದು ಅಲ್ಲಿಯೂ ನ್ಯಾಯವೋ? ಅದನ್ನು ನೋಡಿದ್ದೀರಾ?” ಎಂದು ಕೇಳಿದೆನು. ಅಳಿಯಂದಿರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ರಾತ್ರಿಯೂ ಮುಂದಿನ ಮೂರು ರಾತ್ರಿಗಳೂ ನಾವಿಬ್ಬರು ಕುಳಿತು ಎರಡು ಸಂಸ್ಥಾನಗಳ ಶಾಸನಗಳನ್ನು ಓದಿದೆವು.

ಶಾಸ್ತ್ರವನ್ನೋದಿದವರಿಗೆ ಈ ವಿಷಯದಲ್ಲಿ ಒಂದು ಹಳೆಯ ಸಂಗತಿ ನೆನಪಾಗದಿರದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣ ಪಟ್ಟಣದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದನು. ಹಿಂದೂಗಳ ದಾಯಭಾಗವು ಭರತಖಂಡದ ಬಹುಭಾಗದಲ್ಲಿ ಆ ಗ್ರಂಥವನ್ನನುಸರಿಸಿತು. ಬಂಗಾಳದಲ್ಲಿ ಮಾತ್ರ ಜೀಮೂತವಾಹನನ ದಾಯಭಾಗವೆಂಬ ಗ್ರಂಥ ಪ್ರಮಾಣವಾಯಿತು. ಒಂದು ಕುಟುಂಬವು ಒಂದು ಪ್ರಾಂತದಿಂದ ಇನ್ನೊಂದಕ್ಕೆ ವಲಸೆ ಹೋದರೆ ಯಾವ ಧರ್ಮ ಸಲ್ಲಬೇಕು? ಕುಟುಂಬವು ತನ್ನ ಮೂಲದೇಶದ ದಾಯಧರ್ಮವನ್ನು ತನ್ನೊಡನೆಯೇ ಕೊಂಡೊಯ್ದಿತೆಂದು ನ್ಯಾಯಾಲಯಗಳು ಊಹಿಸುತ್ತಿದ್ದವು. ಅಂದರೆ ಆ ಧರ್ಮ ಮನುಷ್ಯನ ಬೆನ್ನುಹತ್ತಿ ಬರತಕ್ಕದ್ದು. ಆಯುಧದ ಶಾಸನ ಇದಕ್ಕೆ ನೇರವಾಗಿ ವಿರುದ್ಧವಾದುದು. ಅದು ನೆಲಕ್ಕೆ ಅಂಟಿಕೊಂಡಿರುವುದು. ಗಡಿಗಲ್ಲನ್ನು ದಾಟಿದ ಕ್ಷಣದಲ್ಲಿಯೇ ಹಿಂದಿನ ಶಾಸನ ಕಳಚಿಬಿದ್ದು ಮುಂದಿನದು ಮೈಮೇಲೆ ಬರುವುದು. ಈ ಭೇದವನ್ನು ಅರಿಯದೆ, ರಸೀತಿಯೊಂದಿದ್ದರೆ ಸಾಕೆಂದು ನಂಬಿದವರೇ ಕಷ್ಟಕ್ಕೆ ಸಿಕ್ಕಿಬೀಳುವರು.

ಒಂದೇ ದೇಶದಲ್ಲಿ ಇಷ್ಟು ಭೇದವೇಕೆಂದು ಗೃಹಸ್ಥರು ಕೇಳಬಹುದು. ನಮ್ಮಲ್ಲಿ ಆಯುಧ, ಬಂದೂಕು, ಮದ್ದುಗುಂಡುಗಳ ವಿಷಯ ಸಂವಿಧಾನದ ಕೇಂದ್ರ ಪಟ್ಟಿಗೆ ಸೇರಿದುದು. 1959ರ ಆಯುಧ ಶಾಸನ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ. ಅಮೇರಿಕೆಯಲ್ಲಿ ಹಾಗಲ್ಲ. ಅಲ್ಲಿಯ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿ ಪ್ರಜೆಗಳ ಆಯುಧಾಧಿಕಾರವನ್ನು ಹೇಳುವುದು. ಅದೇ ವರ್ಷದ ಹತ್ತನೆಯ ತಿದ್ದುಪಡಿ ಕೇಂದ್ರಕ್ಕೆ ಒಪ್ಪಿಸದೆ, ಸಂಸ್ಥಾನಗಳಿಗೆ ನಿಷೇಧಿಸದೆ ಉಳಿದ ಅಧಿಕಾರಗಳನ್ನು ಸಂಸ್ಥಾನಗಳಿಗೆ ಅಥವಾ ಜನರಿಗೆ ಬಿಡುವುದು. ಹೀಗೆ 50 ಸಂಸ್ಥಾನಗಳೂ ತಮತಮಗೆ ತೋರಿದಂತೆ ಶಾಸನ ಮಾಡಿಕೊಂಡವು. ಅಧ್ಯಕ್ಷ ಕೆನಡಿ 1963ರಲ್ಲಿಯೂ, ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ 1968ರಲ್ಲಿಯೂ ಗುಂಡಿಗೆ ಬಲಿಯಾದ ಮೇಲೆ, 1968ರಲ್ಲಿ ಕೇಂದ್ರವು ಒಂದು ದೊಡ್ಡ ಶಾಸನವನ್ನು ತಂದಿತು. ಅದು ಎಲ್ಲರಿಗೂ ಸಮಾನವಾದ ತಳಹದಿ. ಅದರ ಮೇಲೆ ಕಟ್ಟಿದ ಗೋಡೆಗಳು ಮಾತ್ರ ಸಂಸ್ಥಾನದಿಂದ ಸಂಸ್ಥಾನಕ್ಕೆ ಬೇರೆ. 2008ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಮನೆಯಲ್ಲಿ ಆತ್ಮರಕ್ಷಣೆಗೆ ಕೈಬಂದೂಕನ್ನಿಡುವುದು ಪ್ರಜೆಯ ಹಕ್ಕೆಂದು ತೀರ್ಪಿತ್ತಿತು. 2022ರಲ್ಲಿ ಹೊರಗೆ ಧರಿಸುವ ಹಕ್ಕನ್ನೂ ಎತ್ತಿಹಿಡಿಯಿತು. ಆದರೂ ಪರವಾನಗಿ, ದಾಖಲೆ ಮುಂತಾದ ಕಟ್ಟಳೆಗಳೆಲ್ಲ ಅಳಿದುಹೋದುವೆಂದು ಯಾರೂ ಭಾವಿಸಬಾರದು.

ಈ ಗೋಡೆಗಳ ಭೇದವನ್ನು ಸ್ವಲ್ಪ ನೋಡೋಣ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ ಅರ್ಹನಾದ ವಯಸ್ಕನು ಪರವಾನಗಿಯಿಲ್ಲದೆಯೇ ಪಿಸ್ತೂಲನ್ನು ಧರಿಸಿ ಹೊರಗೆ ತಿರುಗಬಹುದು. 2024ರ ವೇಳೆಗೆ ಇಂತಹ ಸಂಸ್ಥಾನಗಳು 29 ಆದವು. ವರ್ಮಾಂಟ್ ಎಂಬ ಪುಟ್ಟ ಸಂಸ್ಥಾನದಲ್ಲಿಯಾದರೋ ಧರಿಸುವುದಕ್ಕೆ ಪರವಾನಗಿ ಬೇಕೆಂಬ ನಿಯಮ ಎಂದೂ ಇದ್ದುದೇ ಇಲ್ಲ. ಅದರ ನೆರೆಯ ನ್ಯೂಯಾರ್ಕಿನಲ್ಲಿ 1911ರಿಂದ ಕೈಬಂದೂಕಿಗೆ ಪರವಾನಗಿ ಬೇಕು. ಮನೆಯೊಳಗೆ ಇಟ್ಟುಕೊಳ್ಳುವುದಕ್ಕೂ ಬೇಕು. ಇಲ್ಲಿನಾಯ್ ಸಂಸ್ಥಾನದಲ್ಲಿ ಬಂದೂಕಿನ ಒಡೆಯನು ಗುರುತಿನ ಚೀಟಿಯೊಂದನ್ನು ಪಡೆದಿರತಕ್ಕದ್ದು. ಕ್ಯಾಲಿಫೋರ್ನಿಯಕ್ಕೆ ವಾಸಕ್ಕೆ ಬಂದವನು ತನ್ನ ಆಯುಧಗಳ ವಿವರವನ್ನು 60 ದಿನಗಳೊಳಗೆ ಸರ್ಕಾರಕ್ಕೆ ತಿಳಿಸಬೇಕು. ಹವಾಯಿ ದ್ವೀಪಗಳಲ್ಲಿ ಈ ಅವಧಿ 5 ದಿನ ಮಾತ್ರ. ಶಬ್ದವನ್ನಡಗಿಸುವ ಸೈಲೆನ್ಸರನ್ನು ಕೇಂದ್ರದ ಅನುಮತಿ ಪಡೆದು ಟೆಕ್ಸಾಸಿನಲ್ಲಿಡಬಹುದು. ನ್ಯೂಜೆರ್ಸಿಯಲ್ಲಿ ಅದು ನಿಷಿದ್ಧ.

ನ್ಯೂಜೆರ್ಸಿಯ ವಿಷಯ ನಮಗೆ ಮುಖ್ಯವಾದುದರಿಂದ ಅದನ್ನು ಮಾತ್ರ ವಿಸ್ತಾರವಾಗಿ ನೋಡಿದೆವು. ಅಲ್ಲಿ ಆಯುಧವನ್ನು ಕೊಳ್ಳುವವನು ಪೊಲೀಸರಿಂದ ಪರಿಚಯಪತ್ರವನ್ನು ಪಡೆಯಬೇಕು. ಕೈಬಂದೂಕಾದರೆ ಒಂದೊಂದಕ್ಕೂ ಬೇರೆ ಅನುಮತಿ ಬೇಕು. ಹೊರಗಿನಿಂದ ಆಯುಧದೊಡನೆ ವಾಸಕ್ಕೆ ಬಂದವನು 60 ದಿನಗಳೊಳಗೆ ಪರಿಚಯಪತ್ರಕ್ಕೆ ಅರ್ಜಿಹಾಕಿ ಆಯುಧವನ್ನು ದಾಖಲು ಮಾಡಿಸಬೇಕೆಂದು 2022ರಲ್ಲಿ ಶಾಸನವಾಯಿತು. ಬೇರೆ ಯಾವ ಸಂಸ್ಥಾನದ ಧಾರಣ ಪರವಾನಗಿಯನ್ನೂ ನ್ಯೂಜೆರ್ಸಿ ಮನ್ನಿಸುವುದಿಲ್ಲ. ತೋಟಾಗಳನ್ನು ತುಂಬುವ ಮ್ಯಾಗಜೀನಿನಲ್ಲಿ 10ಕ್ಕಿಂತ ಹೆಚ್ಚು ತೋಟಾ ಹಿಡಿಯಬಾರದೆಂಬುದು 2018ರ ಕಟ್ಟಳೆ. ಅಳಿಯಂದಿರ ಪಿಸ್ತೂಲಿನ ಮ್ಯಾಗಜೀನು 15 ತೋಟಾಗಳದು! ಅಂಗಡಿಯವನು ಪಿಸ್ತೂಲಿನೊಡನೆ ಸಹಜವಾಗಿ ಕೊಟ್ಟ ಆ ಚಿಕ್ಕ ತಗಡಿನ ಪೆಟ್ಟಿಗೆ ಗಡಿಯಾಚೆ ತಾನೇ ಒಂದು ಅಪರಾಧವಾಗುತ್ತಿದ್ದಿತು. ಹೊರಗೆ ಪರವಾನಗಿಯಿಲ್ಲದೆ ಕೈಬಂದೂಕನ್ನಿಟ್ಟುಕೊಂಡವನಿಗೆ ಅಲ್ಲಿ 5ರಿಂದ 10 ವರ್ಷದವರೆಗೆ ಸೆರೆವಾಸ ವಿಧಿಸಬಹುದೆಂಬುದನ್ನು ಓದಿದಾಗ ಅಳಿಯಂದಿರ ಮುಖ ಬಿಳಿಚಿಕೊಂಡಿತು.

ಇದು ಬರಿಯ ಪುಸ್ತಕದ ಬದನೆಕಾಯಿಯಲ್ಲ. ಅಲ್ಲಿಯ ಪತ್ರಿಕೆಗಳಲ್ಲಿ ಬಹಳ ಚರ್ಚೆಯಾದ ಎರಡು ಪ್ರಕರಣಗಳುಂಟು. ಕೊಲರಾಡೋ ಸಂಸ್ಥಾನದಲ್ಲಿ ಕ್ರಮವಾಗಿ ಕೈಬಂದೂಕುಗಳನ್ನು ಕೊಂಡ ತರುಣನೊಬ್ಬನು ನ್ಯೂಜೆರ್ಸಿಗೆ ವಾಸಸ್ಥಳವನ್ನು ಬದಲಾಯಿಸುತ್ತಿದ್ದನು. 2009ರಲ್ಲಿ ಪೊಲೀಸರು ಅವನ ಮೋಟಾರಿನ ಡಿಕ್ಕಿಯಲ್ಲಿ, ಸಾಮಾನುಗಳ ನಡುವೆ, ತೋಟಾ ತುಂಬದ ಆ ಬಂದೂಕುಗಳನ್ನು ಕಂಡರು. ಮನೆಯಿಂದ ಮನೆಗೆ ಆಯುಧವನ್ನು ಕಟ್ಟಿಕೊಂಡು ಹೋಗುವವನಿಗೆ ಆ ಸಂಸ್ಥಾನದ ಶಾಸನದಲ್ಲಿಯೇ ವಿನಾಯಿತಿಯುಂಟು. ಆದರೆ ವಿಚಾರಣೆಯಲ್ಲಿ ಆ ವಿನಾಯಿತಿ ಜ್ಯೂರಿಯವರ ಮುಂದೆ ಬರಲಿಲ್ಲ. 2010ರಲ್ಲಿ ಅವನಿಗೆ ಏಳು ವರ್ಷದ ಶಿಕ್ಷೆಯಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಗವರ್ನರು ಶಿಕ್ಷೆಯನ್ನು ಮೊಟಕುಮಾಡಿದುದರಿಂದ ಹೊರಗೆ ಬಂದನು. ಮತ್ತೊಬ್ಬಳು ಫಿಲಡೆಲ್ಫಿಯಾದ ತಾಯಿ. ಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದವಳು. ಅವಳಿಗೆ ಪೆನ್ಸಿಲ್ವೇನಿಯಾದ ಪರವಾನಗಿ ಇದ್ದಿತು. 2013ರಲ್ಲಿ ನದಿಯ ಸೇತುವೆ ದಾಟಿ ನ್ಯೂಜೆರ್ಸಿಗೆ ಬಂದಾಗ ಪೊಲೀಸಿನವನು ಸಂಚಾರ ನಿಯಮದ ಯಾವುದೋ ತಪ್ಪಿಗೆ ತಡೆದನು. ಅವಳು ತಾನಾಗಿಯೇ, “ನನ್ನ ಬಳಿ ಪಿಸ್ತೂಲಿದೆ, ಪರವಾನಗಿಯೂ ಇದೆ” ಎಂದು ಸತ್ಯವನ್ನು ನುಡಿದಳು. ಆ ಸತ್ಯವೇ ಅವಳನ್ನು ಬಂಧನಕ್ಕೆ ಒಯ್ದಿತು. ಮೂರು ವರ್ಷಕ್ಕೂ ಮಿಗಿಲಾದ ಕಡ್ಡಾಯ ಸೆರೆವಾಸದ ಭಯದಲ್ಲಿ ಬಹುಕಾಲ ತೊಳಲಿ, ಕಡೆಗೆ 2015ರಲ್ಲಿ ಗವರ್ನರ ಕ್ಷಮೆಯನ್ನು ಪಡೆದಳು. ಇವರಿಬ್ಬರೂ ಕಳ್ಳರಲ್ಲ, ಕೊಲೆಗಡುಕರಲ್ಲ. ಗಡಿಯ ಆಚೆಯ ಶಾಸನಕ್ಕೆ ಸಿಕ್ಕಿಬಿದ್ದ ಗೃಹಸ್ಥರು. ಗವರ್ನರ ದಯೆ ಎಲ್ಲರಿಗೂ ದೊರೆಯುವ ವಸ್ತುವಲ್ಲ.

ನಡುದಾರಿಯ ಸಂಸ್ಥಾನಗಳ ಗತಿಯೇನೆಂಬುದು ಮುಂದಿನ ಪ್ರಶ್ನೆ. ಡಲ್ಲಾಸಿನಿಂದ ನ್ಯೂಜೆರ್ಸಿಗೆ ಸುಮಾರು 1,500 ಮೈಲಿ. ಆರ್ಕನ್ಸಾ, ಟೆನೆಸೀ, ವರ್ಜೀನಿಯ, ಪಶ್ಚಿಮ ವರ್ಜೀನಿಯ, ಮೇರಿಲ್ಯಾಂಡ್, ಪೆನ್ಸಿಲ್ವೇನಿಯಾ ಇವಿಷ್ಟನ್ನೂ ದಾಟಬೇಕು. ಇದಕ್ಕಾಗಿಯೇ 1986ರಲ್ಲಿ ಕೇಂದ್ರವು ಒಂದು ರಕ್ಷಣೆಯನ್ನಿತ್ತಿದೆ. ಹೊರಟ ಸ್ಥಳದಲ್ಲಿಯೂ ಸೇರುವ ಸ್ಥಳದಲ್ಲಿಯೂ ಆಯುಧವನ್ನಿಟ್ಟುಕೊಳ್ಳುವುದಕ್ಕೂ ಒಯ್ಯುವುದಕ್ಕೂ ಅಧಿಕಾರವಿದ್ದವನು, ತೋಟಾ ತೆಗೆದು, ಕೈಗೆ ನಿಲುಕದಂತೆ ಡಿಕ್ಕಿಯಲ್ಲಿಟ್ಟು ನಡುವಣ ಸಂಸ್ಥಾನಗಳನ್ನು ದಾಟಬಹುದು. ಬೇರೆ ಡಿಕ್ಕಿಯಿಲ್ಲದ ವಾಹನದಲ್ಲಿ ಬೀಗಹಾಕಿದ ಪೆಟ್ಟಿಗೆಯಲ್ಲಿಡಬೇಕು. ಮುಂದಿನ ಆಸನದೆದುರಿನ ಖಾನೆಗೆ ಬೀಗವಿದ್ದರೂ ಅದು ಸಲ್ಲದು. ಇಲ್ಲಿ ಮರೆಯಬಾರದ ಮಾತೆಂದರೆ, ಸೇರುವ ಸ್ಥಳದಲ್ಲಿಯೂ ಅಧಿಕಾರವಿರಬೇಕೆಂಬುದು. ಈ ಶಾಸನ ದಾಟುವವನಿಗೆ ಹಿಡಿದ ಕೊಡೆ. ತಲಪಿದ ಮನೆಗೆ ಹೊದಿಸಿದ ಮಾಡಲ್ಲ. ವಿಮಾನದಲ್ಲಿ ಹೋಗುವವನಾದರೆ ತೋಟಾ ತೆಗೆದ ಆಯುಧವನ್ನು ಬೀಗಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ವಿಮಾನದ ಕಂಪೆನಿಯವರಿಗೆ ಮೊದಲೇ ತಿಳಿಸಿ, ಕೆಳಗೆ ಹಾಕುವ ಸಾಮಾನಿನೊಡನೆ ಒಪ್ಪಿಸಬೇಕು. ಮನೆಸಾಮಾನು ಸಾಗಿಸುವ ಕಂಪೆನಿಗಳು ಮದ್ದುಗುಂಡನ್ನು ಸಾಮಾನ್ಯವಾಗಿ ಒಪ್ಪುವುದೇ ಇಲ್ಲ.

ನಾವು ಈ ವಿಚಾರದಲ್ಲಿದ್ದಾಗ ಅಳಿಯಂದಿರ ಸ್ನೇಹಿತನೊಬ್ಬನು ಊಟಕ್ಕೆ ಬಂದಿದ್ದನು. ನಮ್ಮ ತುಮಕೂರಿನ ಕಡೆಯ ಹುಡುಗ, ಉದ್ಯೋಗದ ವೀಸಾದ ಮೇಲೆ ಬಂದವನು. “ನಿಮಗೆ ಇಷ್ಟು ತೊಂದರೆಯಾದರೆ ನನಗೆ ಕೊಟ್ಟುಬಿಡಿ, ಸಾರ್” ಎಂದು ನಗುತ್ತ ಹೇಳಿದನು. ಅದೃಷ್ಟವಶಾತ್ ನಾವು ಆ ದಿನವೇ ಆ ಪುಟವನ್ನು ಓದಿದ್ದೆವು. ಶಾಶ್ವತವಾಸದ ಗ್ರೀನ್ ಕಾರ್ಡ್ ಪಡೆದವರು ಆಯುಧವನ್ನಿಟ್ಟುಕೊಳ್ಳಬಹುದು. ಅಳಿಯಂದಿರು ಆ ವರ್ಗದವರು. ಆದರೆ ಉದ್ಯೋಗ, ವ್ಯಾಸಂಗ, ಪ್ರವಾಸಗಳ ವೀಸಾದ ಮೇಲೆ ಬಂದವರಿಗೆ, ಕ್ರಮವಾದ ಬೇಟೆಯ ಪರವಾನಗಿಯೇ ಮೊದಲಾದ ಕೆಲವು ವಿನಾಯಿತಿಗಳ ಹೊರತು, ಕೇಂದ್ರ ಶಾಸನವು ಬಂದೂಕನ್ನೂ ತೋಟಾವನ್ನೂ ನಿಷೇಧಿಸಿದೆ. ಈ ನಿಷೇಧ ಟೆಕ್ಸಾಸಿನಲ್ಲಿಯೂ ಒಂದೇ, ನ್ಯೂಜೆರ್ಸಿಯಲ್ಲಿಯೂ ಒಂದೇ. 2022ರಿಂದ ಇದಕ್ಕೆ 15 ವರ್ಷದವರೆಗೆ ಶಿಕ್ಷೆಯುಂಟು. ವೀಸಾ ಹೋಗಿ ಊರಿಗೆ ಮರಳಬೇಕಾದ ಭಯ ಬೇರೆ. ಆ ಹುಡುಗನಿಗೆ ಇದೊಂದೂ ತಿಳಿದಿರಲಿಲ್ಲ. ಸಾರಿನ ಅನ್ನವನ್ನು ಕಲಸುತ್ತಿದ್ದ ಅವನ ಕೈ ನಿಂತುಹೋಯಿತು. ಅವನ ತಾಯಿತಂದೆಗಳು ಈ ಮಾಸಪತ್ರಿಕೆಯ ವಾಚಕರೇ ಆಗಿರಬಹುದು. ಅಂತಹವರ ಸಲುವಾಗಿಯೇ ಇದನ್ನು ಒತ್ತಿ ಬರೆಯುತ್ತಿರುವೆನು.

ನಮ್ಮ ದೇಶದಲ್ಲಿ ಶಾಸನ ಒಂದೇ ಆದರೂ ನೆಲದ ಗಡಿ ಪೂರ್ತಿಯಾಗಿ ಮಾಯವಾಗಿಲ್ಲ. ಪರವಾನಗಿಯಲ್ಲಿ ಅದು ಎಷ್ಟು ಪ್ರದೇಶಕ್ಕೆ ಸಲ್ಲುವುದೆಂದು ಬರೆದಿರುತ್ತದೆ. ರಾಜ್ಯಕ್ಕೆ ಮಾತ್ರ ಸಲ್ಲುವುದನ್ನು ಹಿಡಿದು ಹೊರರಾಜ್ಯಕ್ಕೆ ಹೋಗಲಾಗದು. ಇದಕ್ಕೆ ಒಂದು ಸ್ವಾರಸ್ಯವಾದ ಅಪವಾದ ನಮ್ಮ ಕೊಡಗು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಆ ನಾಡಿನಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಮಿತಾಕ್ಷರದ ದಾಯಧರ್ಮದಂತೆ ಇದು ಮನುಷ್ಯನನ್ನು ಅನುಸರಿಸುವ ಧರ್ಮ. ಆದರೆ ಇದು ಕೂಡ ಜಿಲ್ಲೆಯ ಹೊರಗೆ ಇಷ್ಟೇ ಆಯುಧ, ಇಷ್ಟೇ ತೋಟಾ ಎಂಬ ಮಿತಿಗೆ ಒಳಪಟ್ಟುದು. ಪೂರ್ವಜರಿಂದ ಬಂದ ಹಕ್ಕಿಗೇ ಗಡಿಯಾಚೆ ಮಿತಿಯಿರುವಾಗ, ಅಂಗಡಿಯ ರಸೀತಿಯ ಪಾಡೇನು?

ನಾಲ್ಕನೆಯ ರಾತ್ರಿ ಅಳಿಯಂದಿರು ಕನ್ನಡಕವನ್ನು ತೆಗೆದಿಟ್ಟು, “ಏನು ಮಾಡಲಿ, ಮಾವನವರೇ?” ಎಂದರು. ನಾನು ಹೇಳಲಿಲ್ಲ. ಮನೆಯಲ್ಲಿ ಆಯುಧವಿರಬೇಕೆ ಬೇಡವೆ ಎಂಬುದು ಮನೆಯ ಒಡೆಯ ಒಡತಿಯರು ತೀರ್ಮಾನಿಸಬೇಕಾದ ವಿಷಯ. ಅವರು ಮಗಳನ್ನು ಕರೆದು ಮಾತನಾಡಿದರು. ಮಗಳು ಬಹಳ ದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದುದನ್ನು ಆಗ ಹೇಳಿದಳು: “ನೀವು ಪ್ರವಾಸಕ್ಕೆ ಹೋದ ರಾತ್ರಿಗಳಲ್ಲಿ ಕಳ್ಳನ ಭಯಕ್ಕಿಂತ ಈ ಪೆಟ್ಟಿಗೆಯ ಕೀಲಿ ಮಗುವಿಗೆ ಸಿಕ್ಕೀತೆಂಬ ಭಯವೇ ನನಗೆ ಹೆಚ್ಚಾಗಿತ್ತು.” ಮರುದಿನ ಅಳಿಯಂದಿರು ಪಿಸ್ತೂಲು, ಮ್ಯಾಗಜೀನು, ತೋಟಾ ಎಲ್ಲವನ್ನೂ ಪರವಾನಗಿ ಪಡೆದ ವ್ಯಾಪಾರಿಗೆ ಮಾರಿ, ಮಾರಿದುದಕ್ಕೆ ರಸೀತಿ ಪಡೆದು ಬಂದರು. ಕೊಂಡ ಬೆಲೆಯ ಅರ್ಧದಷ್ಟು ಬಂದಿತು. “ಬೇಕೆನಿಸಿದರೆ ಅಲ್ಲಿಗೆ ಹೋದಮೇಲೆ ಅಲ್ಲಿಯ ಕ್ರಮದಂತೆ ಕೊಳ್ಳುವೆನು” ಎಂದರು. ಅದೂ ನ್ಯಾಯವಾದ ಮಾತೇ.

ಆಯುಧವನ್ನು ಜೊತೆಯಲ್ಲಿಯೇ ಒಯ್ಯಬೇಕೆನ್ನುವವರಿಗೆ ನಮ್ಮ ಅಭ್ಯಾಸದ ಫಲವನ್ನು ಸಂಗ್ರಹವಾಗಿ ಹೇಳುವೆನು. ಮೊದಲನೆಯದಾಗಿ, ಸೇರುವ ಸಂಸ್ಥಾನದ ಶಾಸನವನ್ನು ಆ ಸಂಸ್ಥಾನದ ಪೊಲೀಸು ಅಥವಾ ನ್ಯಾಯ ಇಲಾಖೆಯ ಪ್ರಕಟಣೆಯಲ್ಲಿಯೇ ಓದಬೇಕು. ನೆರೆಯವನ ಮಾತನ್ನೂ ಅಂಗಡಿಯವನ ಮಾತನ್ನೂ ಪ್ರಮಾಣವೆಂದು ಎಣಿಸಬಾರದು. ನ್ಯೂಯಾರ್ಕಿನಂತಹ ನಗರಗಳಿಗೆ ಸಂಸ್ಥಾನದ ಕಟ್ಟಳೆಯ ಮೇಲೆ ತಮ್ಮದೇ ಕಟ್ಟಳೆಯೂ ಉಂಟು. ಎರಡನೆಯದಾಗಿ, ಬಂದೂಕನ್ನು ಮಾತ್ರವಲ್ಲದೆ ಮ್ಯಾಗಜೀನು, ತೋಟಾ, ಬಿಡಿಭಾಗ ಒಂದೊಂದನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು. ಮೂರನೆಯದಾಗಿ, ಮೊದಲೇ ಅನುಮತಿ ಬೇಕೆನ್ನುವ ಸಂಸ್ಥಾನ ಯಾವುದು, ಬಂದಮೇಲೆ ಅವಧಿ ಕೊಡುವ ಸಂಸ್ಥಾನ ಯಾವುದು ಎಂಬುದನ್ನು ಬೇರ್ಪಡಿಸಿ ತಿಳಿಯಬೇಕು. ಅವಧಿಯ ದಿನಗಳನ್ನು ಪಂಚಾಂಗದಲ್ಲಿ ಗುರುತುಹಾಕಿಕೊಳ್ಳಬೇಕು. ನಾಲ್ಕನೆಯದಾಗಿ, ಸಂದೇಹವುಳಿದರೆ ಆ ಸಂಸ್ಥಾನದ ವಕೀಲರೊಬ್ಬರಿಗೆ ಒಂದು ಗಂಟೆಯ ಶುಲ್ಕವನ್ನು ಕೊಟ್ಟು ಕೇಳಬೇಕು. ಅಲ್ಲಿಯ ಶಾಸನಗಳೂ ತೀರ್ಪುಗಳೂ ವರ್ಷವರ್ಷಕ್ಕೆ ಬದಲಾಗುವುದರಿಂದ ಈ ಲೇಖನವನ್ನೂ ಕಡೆಯ ಪ್ರಮಾಣವಾಗಿ ಹಿಡಿಯಬಾರದು.

ಹೊರಟ ಮೂರನೆಯ ದಿನ ಸಂಜೆ ನಾವು ಡೆಲವೇರ್ ನದಿಯ ಸೇತುವೆಯನ್ನು ದಾಟಿ ನ್ಯೂಜೆರ್ಸಿಯನ್ನು ಪ್ರವೇಶಿಸಿದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಪೊಲೀಸಿನವನು ಹಿಂದಿನ ದೀಪವೊಂದು ಉರಿಯುತ್ತಿಲ್ಲವೆಂದು ಮೋಟಾರನ್ನು ತಡೆದು, ಕಾಗದಪತ್ರಗಳನ್ನು ನೋಡಿ, ವಾಡಿಕೆಯಂತೆ, “ಗಾಡಿಯಲ್ಲಿ ಆಯುಧವೇನಾದರೂ ಇದೆಯೇ?” ಎಂದು ಕೇಳಿದನು. “ಇಲ್ಲ” ಎಂದರು ಅಳಿಯಂದಿರು. ಅವನು ದೀಪವನ್ನು ಸರಿಪಡಿಸಿಕೊಳ್ಳುವಂತೆ ಹೇಳಿ ಹೊರಟುಹೋದನು. ಹಿಂದಿನ ಆಸನದಲ್ಲಿ ಮೊಮ್ಮಗ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ರಿಸುತ್ತಿದ್ದನು. ಆ ಕಬ್ಬಿಣದ ಪೆಟ್ಟಿಗೆ ಡಿಕ್ಕಿಯಲ್ಲಿದ್ದಿತು; ಅದರೊಳಗೆ ನನ್ನ ಮನೆಯಾಕೆ ಹೊಸ ಮನೆಯ ಪ್ರವೇಶಕ್ಕೆಂದು ಬೆಳ್ಳಿಯ ದೀಪಗಳನ್ನೂ ಅರಿಸಿನ ಕುಂಕುಮದ ಭರಣಿಗಳನ್ನೂ ಇಟ್ಟು ಬೀಗಹಾಕಿದ್ದಳು.